ಎರಡನೆಯ ಸಲ ಕೇಳದ ಊರು

ನಿಮ್ಮ ಮನೆಯ ಹೆಣ್ಣುಮಗಳು ‘ಬೇಡ’ ಎಂದಾಗ, ಅದನ್ನು ಬೇಡವೆಂದೇ ನಂಬಿ ನೀವು ಸುಮ್ಮನಾದದ್ದು ಎಂದಾದರೂ ಉಂಟೇ? ನೆನಪಿಸಿಕೊಳ್ಳಲು ಸಮಯ ಬೇಕಾದರೆ ತೆಗೆದುಕೊಳ್ಳಿ. ಅಷ್ಟರಲ್ಲಿ, ಹಳೆಯ ಕಟ್ಟಡಗಳ ದುರಸ್ತಿಯನ್ನು ಕಲಿಯಲೆಂದು ಪರದೇಶದ ಬೇಸಿಗೆ ಶಾಲೆಗೆ ಹೋದ ಒಬ್ಬ ವಿದ್ಯಾರ್ಥಿನಿಯ ಮೊದಲ ದಿನಗಳನ್ನು ಹೇಳಿ ಮುಗಿಸುತ್ತೇನೆ. ವಿಮಾನ ಹತ್ತುವ ಮುನ್ನ ಆಕೆ ತಾಯಿಗೆ ಒಂದು ಮಾತು ಹೇಳಿದ್ದಳು: ತನ್ನನ್ನು ನೋಡಿಹೋದ ಆ ಹುಡುಗ ತನಗೆ ಬೇಡ. ತಾಯಿ ನಕ್ಕು, ಸೂಟ್‌ಕೇಸಿಗೆ ಬೀಗ ಹಾಕಿದ್ದರು.

ವಸತಿಗೃಹದ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಾರಿಡಾರಿನ ಕೊನೆಯಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ. ಮೊದಲ ಸಂಜೆ ಕೋಣೆಯ ಜೊತೆಗಾತಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಕೇಳಿದಳು: “ನಿನಗೂ ಬಡಿಸ್ಲಾ?”

“ಅಯ್ಯೋ, ಬೇಡ. ಪರವಾಗಿಲ್ಲ.”

“ಸರಿ,” ಎಂದವಳೇ ತನಗಷ್ಟು ಬಡಿಸಿಕೊಂಡು, ಉಳಿದದ್ದನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದಳು. ಇನ್ನೊಮ್ಮೆ ಕೇಳಿದರೆ ‘ಸ್ವಲ್ಪ ಹಾಕು’ ಎನ್ನಲೆಂದು ನಮ್ಮ ವಿದ್ಯಾರ್ಥಿನಿ ಆಗಲೇ ತಟ್ಟೆ ತೊಳೆದು ಕೈಯಲ್ಲಿ ಹಿಡಿದಿದ್ದಳು. ಅದನ್ನೇ ಒರೆಸಿ ಕಪಾಟಿನಲ್ಲಿಟ್ಟಳು. ಬ್ಯಾಗಿನ ತಳದ ಬಿಸ್ಕತ್ತಿನ ಪುಡಿಯಲ್ಲಿ ಅಂದಿನ ಊಟ ಮುಗಿಯಿತು. ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲ ತಲೆ ತಗ್ಗಿಸಬೇಕು, ಮೂರನೆಯ ಸಲಕ್ಕೆ ಕೈ ಚಾಚಬಹುದು. ಮಗ್ಗಿಗಿಂತ ಮೊದಲು ಅವಳಿಗೆ ಕಲಿಸಿದ ಪಾಠವಿದು. ನೆಂಟರ ಮನೆಯಲ್ಲಿ ಮೊದಲ ಸಲಕ್ಕೇ ಸಿಹಿ ಎತ್ತಿಕೊಂಡು ತೊಡೆ ಚಿವುಟಿಸಿಕೊಂಡದ್ದನ್ನು ಅವಳಿನ್ನೂ ಮರೆತಿರಲಿಲ್ಲ.

ಮರುದಿನ ತರಗತಿಯಲ್ಲಿ ಪ್ರಾಧ್ಯಾಪಕಿ ಅವಳ ಮೇಜಿನ ಬಳಿ ನಿಂತರು. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಕೂಡಿಕೊಳ್ಳುವ ಗೋಡೆಬಿರುಕುಗಳನ್ನು ತನ್ನ ಊರಿನಲ್ಲಿ ಋತು ಋತುವಿಗೂ ಅಳೆದು ವಿದ್ಯಾರ್ಥಿನಿ ತೆಗೆದ ಚಿತ್ರಗಳು ಅಲ್ಲಿ ಹರಡಿದ್ದವು.

“ಶುಕ್ರವಾರ ಹೊರಗಿನ ತಜ್ಞರು ಬರ್ತಾರೆ. ಅವರಿಗೆ ಇದನ್ನ ವಿವರಿಸ್ತೀರಾ?”

ಆ ತಜ್ಞರೆದುರು ನಿಲ್ಲಬೇಕೆಂದೇ ಅವಳು ಅಷ್ಟು ದೂರ ಬಂದಿದ್ದಳು. ಬಾಯಿ ಮಾತ್ರ ತಾಯಿ ಕಲಿಸಿದ್ದನ್ನೇ ನುಡಿಯಿತು: “ನಾನೇನು ಮಹಾ, ಮೇಡಂ. ಬೇಡ, ಬೇರೆಯವರು ಮಾಡಲಿ.”

“ಆಗಲಿ,” ಎಂದು ಪ್ರಾಧ್ಯಾಪಕಿ ಪಕ್ಕದ ಮೇಜಿಗೆ ತಿರುಗಿದರು. ಅಲ್ಲಿದ್ದವನು ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಕೊಂಡ. ಅವನ ಬಳಿಯಿದ್ದ ಒಂದೇ ಚಿತ್ರದಲ್ಲಿ ಗೋಡೆಗಿಂತ ಅವನ ಗೆಳೆಯರೇ ಹೆಚ್ಚಾಗಿ ಕಾಣುತ್ತಿದ್ದರು.

ಮಧ್ಯಾಹ್ನ ಫೋನಿನಲ್ಲಿ ಇದನ್ನು ಕೇಳಿದ ತಾಯಿಗೆ ಹೆಮ್ಮೆಯೇ ಆಯಿತು. ಊರ ಮಕ್ಕಳಿಗೆಲ್ಲ ಸನ್ನಡತೆ ಕಲಿಸಿ ನಿವೃತ್ತರಾದ ಅಧ್ಯಾಪಕಿ ಅವರು.

“ಒಳ್ಳೇದು ಮಾಡಿದೆ ಕಣೇ. ಕೇಳಿದ ಕೂಡ್ಲೇ ಹೂಂ ಅಂದ್ರೆ ಊಟ ಕಾಣದೋರ ಥರ ಇರುತ್ತೆ. ಮತ್ತೆ ಕೇಳ್ತಾರೆ, ಸುಮ್ನಿರು.”

“ಕೇಳಲ್ಲ ಅಮ್ಮ. ಇಲ್ಲಿ ಎಲ್ಲಾ ಒಂದೇ ಸಲ ಕೇಳೋದು.”

“ಉಪಚಾರನೇ ಗೊತ್ತಿಲ್ಲದ ಜನ. ಎಂಥಾ ಕಡೆ ಹೋಗಿ ಸೇರ್ಕೊಂಡ್ಯೇ.”

ಹಸಿದ ಹೊಟ್ಟೆಗೆ ಆ ಮಾತು ನ್ಯಾಯವೆಂದೇ ತೋರಿತು. ಶುಕ್ರವಾರ ಅವಳು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದಳು. ಬಿರುಕು ಇನ್ನೂ ಬೆಳೆಯುತ್ತಿದೆಯೋ, ನಿಂತಿದೆಯೋ ಎಂದು ತಜ್ಞರು ಕೇಳಿದರು. “ಇರಬಹುದು,” ಎಂದ ಆ ಹುಡುಗ. ಸಭೆ ಮುಗಿದೊಡನೆ ಅವಳು ಪ್ರಾಧ್ಯಾಪಕಿಯ ಬಾಗಿಲು ತಟ್ಟಿ, ವಿವರಿಸುವ ಆಸೆ ತನಗೂ ಇತ್ತೆಂದಳು.

“ಬೇಡ ಅಂದ್ರಲ್ಲ?”

“ನೀವು ಇನ್ನೊಂದು ಸಲ ಕೇಳ್ತೀರ ಅಂದ್ಕೊಂಡಿದ್ದೆ.”

ಪ್ರಾಧ್ಯಾಪಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಬೇಡ ಅಂದ್ಮೇಲೂ ನಾನು ಕೇಳಿದ್ರೆ, ನಿಮ್ಮ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಆಗಲ್ವಾ?”

ತನ್ನ ಮಾತಿಗೆ ಬೆಲೆಯಿರಬಹುದೆಂಬ ವಿಚಾರವನ್ನು ಅಷ್ಟು ವರ್ಷಗಳ ಶಿಕ್ಷಣದಲ್ಲಿ ಯಾರೂ ಅವಳ ಮುಂದಿಟ್ಟಿರಲಿಲ್ಲ.

“ಮುಂದಿನ ವಾರ ಇನ್ನೊಬ್ಬ ತಜ್ಞರು ಬರ್ತಾರೆ,” ಎಂದರು ಪ್ರಾಧ್ಯಾಪಕಿ. “ಬೇಕಾ?”

“ಬೇಕು.” ಅಷ್ಟು ಹೇಳುವುದರೊಳಗೆ ಅವಳ ಕಿವಿ ಬಿಸಿಯಾಗಿತ್ತು.

ಭಾನುವಾರ ತಾಯಿಯೇ ಫೋನ್ ಮಾಡಿದರು. “ಸಿಹಿ ಸುದ್ದಿ ಕಣೇ. ಹುಡುಗನ ಮನೆಯೋರಿಗೆ ಒಪ್ಪಿಗೆ ಅಂತ ಹೇಳಿಬಿಟ್ವಿ. ನೀನು ಬಂದ ವಾರದಲ್ಲೇ ನಿಶ್ಚಿತಾರ್ಥ.”

“ಅಮ್ಮ, ನಾನು ಬೇಡ ಅಂದಿದ್ದೆ.”

“ಬೇಡ ಅನ್ನದ ಹುಡುಗಿ ಎಲ್ಲಾದ್ರೂ ಇದ್ದಾಳಾ? ನಾಚಿಕೆಗೆ ಎಲ್ಲರೂ ಅಂತಾರೆ. ನಾನೂ ಅಂದಿದ್ದೆ, ನಿಮ್ಮಜ್ಜನ ಹತ್ರ. ಒಂದು ಸಲ ಅಲ್ಲ, ಮೂರು ಸಲ.”

“ನಾಚಿಕೆಗಾ?”

“ಹಾಲಿಟ್ಟಿದ್ದೀನಿ, ಉಕ್ಕುತ್ತೆ,” ಎಂದು ತಾಯಿ ಫೋನ್ ಇಟ್ಟರು.

ಓದುಗರೇ, ಆ ಹೊತ್ತಿನಲ್ಲಿ ಆ ಮನೆಯ ಒಲೆ ಹೊತ್ತಿಯೇ ಇರಲಿಲ್ಲ. ನಿಮ್ಮ ಮನೆಯಿಂದಲೂ ಯಾರಿಗಾದರೂ ಇಂಥದೊಂದು ಒಪ್ಪಿಗೆ ಹೋಗಿದ್ದರೆ, ಅವರ ನಂಬರು ನಿಮ್ಮ ಬಳಿ ಇದ್ದೇ ಇರುತ್ತದೆ. ಈ ಪುಟವನ್ನು ಪಕ್ಕಕ್ಕಿಟ್ಟು ಫೋನ್ ಮಾಡಿ. ಹುಡುಗಿ ಬೇಡವೆಂದಿದ್ದಾಳೆ ಎಂದು ಹೇಳಿ. ದಯವಿಟ್ಟು, ಅದಕ್ಕೂ ಮುನ್ನ ಅವಳನ್ನು ಇನ್ನೊಮ್ಮೆ ಕೇಳಿಬರಲು ಒಳಗೆ ಹೋಗಬೇಡಿ.