ಬೆಳಗಿನ ರೌಂಡ್ಸ್

"ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ, ಡಾಕ್ಟರ್ ಸುಧನ್ವ?" ಎಂದು ಆಸ್ಪತ್ರೆಯ ನಿರ್ದೇಶಕರು ಕೇಳಿದರು.

"ನೀವು ಕೊಟ್ಟಷ್ಟು ಸಾರ್. ಆದ್ರೆ ವೃದ್ಧರ ವಾರ್ಡಿನ ಬೆಳಗಿನ ರೌಂಡ್ಸ್ ನಂಗೇ ಬೇಕು."

ನಿರ್ದೇಶಕರು ಕನ್ನಡಕ ತೆಗೆದರು. "ಎಂ.ಡಿ. ಮೆಡಿಸಿನ್‌ನಲ್ಲಿ ಚಿನ್ನದ ಪದಕ ತಗೊಂಡೋರು ನೀವು. ಐಸಿಯು ಕೇಳಿ, ಕೊಡ್ತೀನಿ. ಆ ವಾರ್ಡಲ್ಲಿ ಏನಿದೆ ರೀ? ಅಲ್ಲಿರೋರಿಗೆ ತಮ್ಮ ಹೆಸರೇ ನೆನಪಿರಲ್ಲ."

"ಗೊತ್ತು ಸಾರ್. ನನ್ನ ಷರತ್ತು ಅದೊಂದೇ."

ಅವರು ತಲೆ ಅಲ್ಲಾಡಿಸುತ್ತ ಸಹಿ ಹಾಕಿದರು.

ಮೊದಲ ದಿನ ಸುಧನ್ವ ಹೊಸ ಬಿಳಿ ಕೋಟು ತೊಟ್ಟು ನೇರವಾಗಿ ಕಿಟಕಿ ಪಕ್ಕದ ಹಾಸಿಗೆಗೆ ನಡೆದ. ಪಿ.ಜಿ. ಓದುವಾಗ ರಜೆ ಸಿಕ್ಕಾಗಲೆಲ್ಲ ಬಣ್ಣದ ಅಂಗಿಯಲ್ಲಿ ಬಂದು ಇಲ್ಲೇ ಕೂರುತ್ತಿದ್ದ. ಆಗೆಲ್ಲ "ಯಾರಪ್ಪಾ ನೀನು? ಹೋಗು" ಎಂದು ಗೋಡೆಗೆ ಮುಖ ಮಾಡುತ್ತಿದ್ದ ಮುದುಕಿ, ಇಂದು ಕೋಟು ಕಂಡದ್ದೇ ಎದ್ದು ಕೂತಳು. ಕೋಟು ತೊಟ್ಟವರ ಜೊತೆ ಮಾತ್ರ ಅವಳು ಮಾತಾಡುವುದನ್ನು ಅವನು ಎಷ್ಟೋ ಸಲ ದೂರದಿಂದ ನೋಡಿದ್ದ. ಅವಳು ಸ್ಟೆತಸ್ಕೋಪಿನ ತುದಿ ಹಿಡಿದು ಅವನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಡಾಕ್ಟ್ರೇ, ನಿಮ್ ಥರಾನೇ ನನ್ ಮಗಾನೂ ಡಾಕ್ಟ್ರು. ಸುಧನ್ವ ಅಂತ. ಎಲ್ಲಾದ್ರೂ ಸಿಕ್ಕಿದ್ರೆ, ಒಂದ್ಸಲ ಬಂದು ಹೋಗು ಅಂತ ಹೇಳ್ತೀರಾ?"