ತಾನೇ ಗೇರ್ ಬದಲಿಸುವ ಲಾರಿ

ಗೇರ್ ಎಣ್ಣೆಯ ಕಮಟು ವಾಸನೆ ಬಂದರೆ ನನಗೆ ಈಗಲೂ ಜರಗನಹಳ್ಳಿಯ ನಮ್ಮ ಕಣದಲ್ಲಿ ನಿಂತಿದ್ದ ಲಾರಿ ನೆನಪಾಗುತ್ತದೆ.

ದೊಡ್ಡಪ್ಪ ಅದನ್ನು ಮಿಲಿಟರಿ ಹರಾಜಿನಲ್ಲಿ ತಂದಿದ್ದರು. ಗೇರ್ ತಾನೇ ಬದಲಾಗುತ್ತದೆ ಎಂದು ಊರಿಗೆಲ್ಲ ಕೊಚ್ಚಿಕೊಂಡಿದ್ದರು. ರಿಪೇರಿಗೆಂದು ಬಿಚ್ಚಿದ್ದ ಗೇರ್ ಬಾಕ್ಸನ್ನು ಅಪ್ಪ ಮತ್ತೆ ಕೂರಿಸುವಾಗ ದೊಡ್ಡಪ್ಪ ಒಂದು ನಟ್ಟನ್ನೂ ಮುಟ್ಟಲಿಲ್ಲ. ಸೀಟಿನಲ್ಲಿ ಕೂತು ಎಲೆಯಡಿಕೆ ಜಗಿದರು.

ಎಂಜಿನ್ ಗುರುಗುಟ್ಟಿತು, ಚಕ್ರ ಅಲುಗಲಿಲ್ಲ. ಅಪ್ಪ ಎಣ್ಣೆ ತುಂಬಿದರು. ಆಗಲೂ ಅಲುಗಲಿಲ್ಲ.

"ಗೇರಿನ ಹಿಡಿಯಿಂದ ಅಡೀಗ್ ಬರೋ ಕಂಬಿ ಸಡಿಲ ಆಗಿರ್ಬೇಕಣ್ಣ. ಎಂಜಿನ್ ನಿಲ್ಸು, ನೋಡ್ತೀನಿ," ಎಂದರು ಅಪ್ಪ.

"ನಂಗೇ ಹೇಳ್ಕೊಡ್ತೀಯಾ? ಬೇಗ ಬಿಗಿ ಮಾಡು."

ಅಣ್ಣನಿಗೆ ಎದುರಾಡದ ಅಪ್ಪ ಎಂಜಿನ್ ಓಡುತ್ತಿದ್ದಂತೆಯೇ ಲಾರಿಯ ಅಡಿಗೆ ತೂರಿದರು. ಅಪ್ಪ ಕಂಬಿ ಬಿಗಿ ಮಾಡಿದ ಹೊತ್ತಿಗೆ, ಲಾರಿಯನ್ನು ಹಿಂದಕ್ಕೋ ಮುಂದಕ್ಕೋ ಹೊರಡಿಸುವ ಗೇರಿನ ಹಿಡಿಯತ್ತ ದೊಡ್ಡಪ್ಪನ ಕೈ ಹೋದದ್ದನ್ನು ಕಣದಂಚಿನಲ್ಲಿದ್ದ ಅಮ್ಮ ಕಂಡಳು. ಓಡಿಹೋಗಿ ಅಪ್ಪನ ಎರಡೂ ಕಾಲು ಹಿಡಿದು ಪಕ್ಕಕ್ಕೆ ಎಳೆದಳು. ಮರುಕ್ಷಣ ಲಾರಿ ಹಿಂದಕ್ಕೆ ನೆಗೆದು ಹುಲ್ಲಿನ ಮೆದೆಗೆ ಗುದ್ದಿ ನಿಂತಿತು.

ದೊಡ್ಡಪ್ಪ ತಲೆ ಹೊರಹಾಕಿ ನಕ್ಕರು. "ನೋಡಿದ್ರಾ? ನನ್ ಕೈ ಬಿದ್ದಿದ್ದೇ ತಡ, ಓಡ್ತು!"

ಅಪ್ಪ ಮಣ್ಣಿನಲ್ಲೇ ಕೂತಿದ್ದರು. ಅದುವರೆಗೆ ದೊಡ್ಡಪ್ಪನ ಎದುರು ದನಿ ಎತ್ತದಿದ್ದ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಹತ್ತಿರ ಹೋದಳು.

"ಇಳೀರಿ ಭಾವ. ಈಗ ನೀವು ಅಡೀಲಿ ಮಲಕ್ಕೊಳ್ಳಿ, ಗೇರ್ ನಾನ್ ಹಾಕ್ತೀನಿ."