ತಾಯಿಯ ಸಾಕ್ಷಿ

ಗದಿಗೆಪ್ಪನ ಬಲತೊಡೆಯ ಸಂದಿನ ಗಂಟು ಬೆಳಿಗ್ಗೆಯಿಂದ ಒಳಗೆ ಹೋಗಿರಲಿಲ್ಲ. ಹುಟ್ಟಿದಾಗ ಕೆಳಗಿಳಿಯದ ಒಂದು ವೃಷಣ ಅಲ್ಲೇ ಉಳಿದಿತ್ತು. ಅದರ ಪಕ್ಕದ ದಾರಿಯಲ್ಲಿ ಜಾರಿದ ಕರುಳು ಈಗ ಸಿಕ್ಕಿಕೊಂಡಿತ್ತು. ಮಧ್ಯಾಹ್ನದೊಳಗೆ ಕೊಯ್ಯದಿದ್ದರೆ ಕರುಳು ಕೊಳೆತು ಜೀವ ಹೋಗಬಹುದು ಎಂದಳು ನರ್ಸ್ ಮಾಬುನ್ನಿ.

ಆದರೆ ಕೊಯ್ಯುವ ಯಂತ್ರ ನಿಂತುಬಿಟ್ಟಿತು. ಗದಿಗೆಪ್ಪ ಹುಟ್ಟಿದಾಗ ಬರೆಸಿದ ದೇಹಪಟ್ಟಿಯಲ್ಲಿ ‘ವೃಷಣ ಎರಡೂ ಸರಿಯಾಗಿವೆ’ ಎಂದಿತ್ತು. ಯಂತ್ರದ ಲೆಕ್ಕದಲ್ಲಿ ಪಟ್ಟಿಗೆ ಹೊಂದದ ದೇಹ ಬೇರೆಯವರದು. ಬೇರೆಯವರ ದೇಹವನ್ನು ಅದು ಮುಟ್ಟುವುದಿಲ್ಲ. ಕೈಯಿಂದ ಕೊಯ್ಯಬಲ್ಲ ವೈದ್ಯರು ಈಗ ಯಾವ ಊರಲ್ಲೂ ಇರಲಿಲ್ಲ. ಪಟ್ಟಿ ತಿದ್ದಬೇಕಾದರೆ ನಲವತ್ತೊಂದು ವರ್ಷದ ಹಿಂದೆ ಅದನ್ನು ಬರೆಸಿದವರೇ ಬರಬೇಕು.

ಬರೆಸಿದ್ದು ಅವನ ತಾಯಿ ಹೊಳೆವ್ವ. ಸೊಸೆ ಕಮಲವ್ವ ಅವಳನ್ನು ಕೈಹಿಡಿದು ಕರೆತಂದಳು. ಕಮಲವ್ವನ ಅಣ್ಣಂದಿರಿಬ್ಬರು ಬಾಗಿಲಲ್ಲೇ ನಿಂತರು.

“ಖರೇ ಹೇಳ್ರಿ ಅಮ್ಮಾ. ಕೂಸಿದ್ದಾಗ ಒಂದ ಇತ್ತಲ್ರಿ?” ಎಂದಳು ಮಾಬುನ್ನಿ.

“ಯಾರ್ ಹೇಳಿದ್ರ ಹಂಗ? ನನ್ನ ಮಗಗ ಏನೂ ಕಡಿಮಿ ಇಲ್ಲ.”

“ಯವ್ವಾ, ಸಾಯಾಕತ್ತೀನಿ, ಹೇಳಬೇ!” ಎಂದು ಕೂಗಿದ ಗದಿಗೆಪ್ಪ ಹಸಿರು ವಾಂತಿ ಮಾಡಿಕೊಂಡ.

ಕಮಲವ್ವ ಅತ್ತೆಯ ಕಿವಿಯ ಬಳಿ ಬಗ್ಗಿದಳು. “ಅತ್ತಿ, ಮದುವ್ಯಾದ ವಾರದಾಗ ನನಗ ಗೊತ್ತಾಗೇತ್ರಿ. ಹೇಳ್ರಿ, ನಿಮ್ಮ ಕಾಲ್ ಬೀಳ್ತೀನಿ.”

ಯಂತ್ರ ಕೊನೆಯ ಬಾರಿ ಕೇಳಿತು: “ಪಟ್ಟಿ ತಪ್ಪಾಗಿದೆಯೇ?”

ಹೊಳೆವ್ವ ಬಾಗಿಲಲ್ಲಿದ್ದ ಬೀಗರನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಇಲ್ಲ. ನನ್ನ ಮಗ ಪೂರಾ ಗಂಡಸ ಅದಾನ.”

ಯಂತ್ರ ಅವಳಿಗೆ ವಂದನೆ ಹೇಳಿತು. ಮಂಚದ ಮೇಲಿದ್ದವನನ್ನು ಅಪರಿಚಿತ ಎಂದು ಬರೆದುಕೊಂಡು ತನ್ನ ತೋಳನ್ನು ಮಡಚಿಕೊಂಡಿತು.